ಚಹಾ ಕೇಳಿದ ಅಮೆರಿಕನ್

ವಿಮಾನಗಳ ವಿಷಯದಲ್ಲಿ ಹೊರೇಸ್ ಪಿಂಚಿನ್‌ನ ಮಾತೇ ಕೊನೆಯ ಮಾತು ಎಂದು ಮಂಡರೂಲ್ ಊರು ಒಪ್ಪಿಕೊಂಡಿತ್ತು. ಹೊರೇಸ್ ಆ ಊರಿನ ಒಬ್ಬನೇ ಕ್ಷೌರಿಕ ಎಂಬುದು ಇದಕ್ಕೆ ಮುಖ್ಯ ಕಾರಣ. ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ವಾಲಿಸಿ, ಗಂಟಲ ಮೇಲೆ ಕತ್ತಿ ಓಡುತ್ತಿರುವಾಗ ಜಪಾನಿ ಬಾಂಬರಿನ ರೆಕ್ಕೆಯ ಉದ್ದದ ಬಗ್ಗೆ ತಕರಾರು ತೆಗೆಯುವಷ್ಟು ಧೈರ್ಯ ಯಾವ ಕುರಿ ಸಾಕುವವನಿಗೂ ಇರಲಿಲ್ಲ.

ಯುದ್ಧ ಪೆಸಿಫಿಕ್ ಕಡೆ ತಿರುಗಿದಾಗ ಸರ್ಕಾರ ಊರೂರಿನಲ್ಲಿ ಸ್ವಯಂಸೇವಕರ ವಿಮಾನ ವೀಕ್ಷಣಾ ಪೋಸ್ಟುಗಳನ್ನು ತೆರೆಯಿತು. ಮಂಡರೂಲಿನ ಪೋಸ್ಟ್ ಎಂದರೆ ಸಭಾಭವನದ ಹಿಂದಿನ ದಿಬ್ಬದ ಮೇಲೆ ಒಂದು ತಗಡಿನ ಗುಡಿಸಲು, ಒಂದು ದುರ್ಬೀನು, ಗೋಡೆಯ ಮೇಲೆ ವಿಮಾನಗಳ ಕಪ್ಪು ನೆರಳುಚಿತ್ರಗಳ ಪಟ, ಒಂದು ಟೆಲಿಫೋನು. ಮೊದಲ ವಾರ ಅಲ್ಲಿ ನಿಲ್ಲಲು ಜಾಗವಿರಲಿಲ್ಲ. ಶತ್ರು ಬರುವುದು ತಡವಾದಂತೆ ಜನ ಕರಗಿದರು. 1944ರ ಫೆಬ್ರವರಿಯ ಹೊತ್ತಿಗೆ ಉಳಿದವನು ಮುಖ್ಯಸ್ಥ ಹೊರೇಸ್ ಒಬ್ಬನೇ. ಅಂಗಡಿ ಮುಚ್ಚಿ, ಏಪ್ರನ್ ಬಿಚ್ಚಿ, ತೋಳಪಟ್ಟಿ ಕಟ್ಟಿಕೊಂಡು ದಿಬ್ಬ ಹತ್ತುತ್ತಿದ್ದ. ಅದುವರೆಗೆ ಸಿಡ್ನಿಗೆ ಅವನು ವರದಿ ಮಾಡಿದ್ದರಲ್ಲಿ ಹೆಚ್ಚಿನವು ಹದ್ದುಗಳು. ಒಮ್ಮೆ ಸಾಲಾಗಿ ಹಾರಿದ ಪೆಲಿಕನ್‌ಗಳನ್ನು ಬಾಂಬರುಗಳ ದಳವೆಂದು ತಿಳಿಸಿ, ನೆರೆಯ ತಾಲ್ಲೂಕಿನ ಶಾಲೆಯ ಮಕ್ಕಳನ್ನೆಲ್ಲ ಕಂದಕಕ್ಕೆ ಇಳಿಸಿದ್ದ. ಇಂಥ ಪೋಸ್ಟಿನಿಂದ ಏನು ಪ್ರಯೋಜನ ಎಂದು ಸಿಡ್ನಿಯ ಅಧಿಕಾರಿ ಬಹಳ ಸಭ್ಯವಾಗಿ ಕೇಳಿದ್ದರು. ತಿಂಗಳ ಕೊನೆಗೆ ಮುಚ್ಚುವ ಮಾತಿತ್ತು.

ಹೊರೇಸ್‌ಗೆ ಅದು ಮುಚ್ಚಬಾರದಾಗಿತ್ತು. ಅವನ ಒಬ್ಬನೇ ಮಗ ನೆವ್ ಎರಡು ವರ್ಷದ ಹಿಂದೆ, ಜಪಾನೀಯರು ಜಾವಾ ಹಿಡಿದಾಗ, ಅಲ್ಲಿ ಕಾಣೆಯಾಗಿದ್ದ. ಬಾಂಡುಂಗ್ ಎಂಬ ಊರಿನ ಹತ್ತಿರದ ಬೆಟ್ಟಗಳಲ್ಲಿ ಕೊನೆಗೆ ಕಂಡಿದ್ದನೆಂದು ತಪ್ಪಿಸಿಕೊಂಡು ಬಂದ ಒಬ್ಬ ಸೈನಿಕ ಹೇಳಿದ್ದ. ಆಮೇಲೆ ಯಾವ ಸುದ್ದಿಯೂ ಇಲ್ಲ. ಅಂದಿನಿಂದ ಹೆಂಡತಿ ಆಲ್ಮಾ ಮನೆಯ ಟೆಲಿಫೋನಿನ ಗಂಟೆ ಕೇಳಿಸುವುದಕ್ಕಿಂತ ದೂರ ಹೋಗಿಲ್ಲ. ಚರ್ಚಿಗಿಲ್ಲ, ಅಂಗಡಿಗಿಲ್ಲ, ತರಕಾರಿ ಮಡಿಗಳಲ್ಲಿ ಸಹ ಬೇಲಿಯ ಪಕ್ಕದ ಕೊನೆಯ ಸಾಲಿನ ಕಳೆ ಕೀಳುವವರಿರಲಿಲ್ಲ. ಅವಳು ಫೋನು ಕಾದಳು, ಅವನು ಆಕಾಶ ಕಾದ. ಇಬ್ಬರೂ ಆ ವಿಷಯ ಮಾತಾಡುತ್ತಿರಲಿಲ್ಲ.

ಇನ್ನು ಮಂಡರೂಲಿನ ಟೆಲಿಫೋನಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ರಸ್ತೆಯುದ್ದದ ಮನೆಗಳಿಗೆಲ್ಲ ಒಂದೇ ತಂತಿ. ಯಾರಿಗೆ ಕರೆ ಬಂದರೂ ಎಲ್ಲರ ಮನೆಯಲ್ಲೂ ಗಂಟೆ ಬಾರಿಸುತ್ತದೆ. ಒಂದು ಉದ್ದ, ಎರಡು ಗಿಡ್ಡ ಎಂದರೆ ಪಿಂಚಿನ್ ಮನೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು. ನಮ್ಮ ಗುರುತಿನ ಗಂಟೆಯಲ್ಲದಿದ್ದರೆ ರಿಸೀವರ್ ಮುಟ್ಟದಿರುವುದು ಮರ್ಯಾದೆ. ಈ ಮರ್ಯಾದೆಯನ್ನು ಎಲ್ಲರೂ ಹೊಗಳುತ್ತಿದ್ದರು, ಯಾರೂ ಪಾಲಿಸುತ್ತಿರಲಿಲ್ಲ. ಒಂದೇ ತೊಡಕೆಂದರೆ, ಹೆಚ್ಚು ಮಂದಿ ರಿಸೀವರ್ ಎತ್ತಿದಷ್ಟೂ ದನಿ ಸಣ್ಣಗಾಗುತ್ತದೆ. ಮಿಸೆಸ್ ಬಾಸ್ಕಮ್‌ರ ಪಿತ್ತಕೋಶದ ಆಪರೇಷನ್ ಬಗ್ಗೆ ಡಾಕ್ಟರು ಫೋನ್ ಮಾಡಿದ ದಿನ ಅವರ ದನಿ ಪಾಳುಬಾವಿಯ ತಳದಿಂದ ಬಂದಂತಿತ್ತು. ಮಾರನೆಯ ದಿನ ಊರೆಲ್ಲ ಅವರ ಬಾಗಿಲಿಗೆ ಸೂಪು ತಂದಿತು. ಯಾಕೆ ತಂದೆವೆಂದು ಯಾರೂ ಹೇಳಲಿಲ್ಲ. ಕದ್ದು ಕೇಳುವುದು ಎಲ್ಲರಿಗೂ ಗೊತ್ತು, ಕೇಳಿದೆನೆಂದು ಒಪ್ಪಿದವರು ಈವರೆಗೆ ಇಲ್ಲ. ಪೋಸ್ಟಿನ ಫೋನೂ ಇದೇ ತಂತಿಯ ಮೇಲಿತ್ತು. ಆ ಫೋನಿನ ಮಾತು ಕದ್ದು ಕೇಳುವುದು ಶಿಕ್ಷಾರ್ಹ ಅಪರಾಧವೆಂದು ಅಂಚೆ ಕಚೇರಿಯ ಬಾಗಿಲಿಗೆ ನೋಟೀಸು ಅಂಟಿಸಿದ ಮೇಲೆ ಆ ಮಾತುಗಳೂ ಬಾವಿಯ ತಳಕ್ಕಿಳಿದವು.

ಆ ದಿನ ಮಧ್ಯಾಹ್ನ ಕಾಡುಬೆಂಕಿಯ ಹೊಗೆ ಕಣಿವೆ ತುಂಬಿತ್ತು. ಹೊರೇಸ್ ಗುಡಿಸಲ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಹೊಗೆಯೊಳಗಿಂದ ಒಂದು ಎಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಚೂಪು ಮೂತಿಯ, ಗದ್ದ ಉಬ್ಬಿದ ಒಂದು ವಿಮಾನ ಚರ್ಚಿನ ಗೋಪುರವನ್ನು ಸವರಿಕೊಂಡಂತೆ ಹಾದು, ಸದ್ದು ಪೂರ್ತಿ ನಿಲ್ಲಿಸಿ, ಮಿಸೆಸ್ ಕಾರ್ಮೋಡಿಯವರ ಹುಲ್ಲುಗಾವಲಿನ ಕಡೆ ಇಳಿದುಹೋಯಿತು. ಒಂದು ಕ್ಷಣ ಬಿಟ್ಟು ಕುರಿಗಳು ಕಿರುಚುವುದು ಕೇಳಿಸಿತು.

ಹೊರೇಸ್ ಪಟದ ಮುಂದೆ ನಿಂತ. ಉಬ್ಬಿದ ಗದ್ದ: ಕಿಟ್ಟಿಹಾಕ್. ಇಲ್ಲಿಯವರೆಗೆ ಅವನು ಸರಿ. ಕಿಟ್ಟಿಹಾಕ್ ಅಮೆರಿಕದಲ್ಲಿ ತಯಾರಾಗುತ್ತದೆ, ಇದೂ ಸರಿ. ನಮ್ಮ ವಾಯುಪಡೆಯವರೂ ಅದನ್ನು ಹಾರಿಸುತ್ತಾರೆ, ಆದರೆ ನಮ್ಮದಾದರೆ ಮೈಮೇಲೆ ನೀಲಿ ಬಿಳಿಯ ಉಂಗುರವಿರಬೇಕು. ಇದರ ಮೈಮೇಲೆ ಉಂಗುರ ಕಾಣಲಿಲ್ಲ, ಕೆಂಪು ಬಿಳಿ ನೀಲಿ ಕಂಡಿತು. ಆದ್ದರಿಂದ ಅಮೆರಿಕದ್ದು. ತರ್ಕದಲ್ಲಿ ಎಲ್ಲೂ ಸಡಿಲವಿರಲಿಲ್ಲ. ಹೊರೇಸ್ ಹಿಡಿಕೆ ತಿರುಗಿಸಿದ.

"ಏರ್ ಫ್ಲ್ಯಾಶ್," ಅಂದ. ವಿಮಾನ ಕಂಡಾಗ ಹೇಳಬೇಕಾದ ಸಂಕೇತ ಇದು, ಎರಡು ವರ್ಷ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ದನಿ. ಎಕ್ಸ್‌ಚೇಂಜಿನ ಮಿಸ್ ಡೂಲನ್ ಒಡನೆ ಸಿಡ್ನಿ ಕೊಟ್ಟಳು.

"ಏನ್ರೀ ಪಿಂಚಿನ್, ಹದ್ದಾ?" ಸಿಡ್ನಿಯ ಅಧಿಕಾರಿ ಕೇಳಿದರು.

"ಕಿಟ್ಟಿಹಾಕ್ ಸರ್. ಅಮೆರಿಕದ ವಾಯುಪಡೆ. ಒಬ್ಬ ಅಮೆರಿಕನ್ ಪೈಲಟ್. ಎಂಜಿನ್ ನಿಂತು ಕಾರ್ಮೋಡಿ ಹುಲ್ಲುಗಾವಲಲ್ಲಿ ಇಳಿದಿದೆ."

"ಅಮೆರಿಕನ್ ಅನ್ನೋದು ಖಾತ್ರಿನಾ?"

"ಸರ್, ನಾನು ಈ ವಿಷಯದಲ್ಲಿ ಸಭಾಭವನದಲ್ಲಿ ಉಪನ್ಯಾಸ ಕೊಟ್ಟಿದೀನಿ."

ಆ ಕಡೆಯಿಂದ ಬಂದ ಉತ್ತರ ಬಹಳ ಕ್ಷೀಣವಾಗಿತ್ತು; ಊರಿಗೆ ಊರೇ ರಿಸೀವರ್ ಎತ್ತಿತ್ತೆಂದು ಇದರ ಅರ್ಥ. ಆದರೂ ಹೊರೇಸ್‌ಗೆ ಬೇಕಾದ ಮಾತು ಕೇಳಿಸಿತು. "ಭೇಷ್ ಪಿಂಚಿನ್. ಇದು ನಿಜವಾಗಿದ್ದರೆ ಪೋಸ್ಟ್ ಮುಚ್ಚೋ ಮಾತು ಸದ್ಯಕ್ಕೆ ಎತ್ತೋದಿಲ್ಲ."

ಹೊರೇಸ್ ಸೈಕಲ್ ತುಳಿದುಕೊಂಡು ಹುಲ್ಲುಗಾವಲು ಮುಟ್ಟುವಷ್ಟರಲ್ಲಿ ಅಲ್ಲಿ ಅರ್ಧ ಊರು ಆಕಸ್ಮಿಕವಾಗಿ ಸೇರಿತ್ತು. ಒಬ್ಬ ಕಳೆದುಹೋದ ನಾಯಿ ಹುಡುಕುತ್ತಿದ್ದ. ಅವನ ನಾಯಿ ಅವನ ಹಿಂದೆಯೇ ನಿಂತಿತ್ತು. ಊರ ಕಾವಲು ದಳದ ಲೆಫ್ಟಿನೆಂಟ್ ಬಾಸ್ಕಮ್, ಶಾಂತಿಯ ದಿನಗಳಲ್ಲಿ ಕುರಿ ಹರಾಜು ಕೂಗುವವರು, ಪೂರ್ತಿ ಸಮವಸ್ತ್ರದಲ್ಲಿ ಕುದುರೆಗಾಡಿಯಿಂದ ಇಳಿದರು. ಹಿಂದೆ ಬಂದೂಕು ಹಿಡಿದ ಇಬ್ಬರು.

"ವಾಯುಸೇವನೆಗೆ ಹೊರಟಿದ್ದೆ," ಅಂದರು ಬಾಸ್ಕಮ್.

"ಬಂದೂಕು?" ಅಂದ ಹೊರೇಸ್.

"ಅವರೂ ವಾಯುಸೇವನೆಗೆ."

ಮಿಸೆಸ್ ಬಾಸ್ಕಮ್ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಮಂಡರೂಲಿನಲ್ಲಿ ಕಾಫಿ ಕುಡಿಯುವವರಿರಲಿಲ್ಲ. ಮನೆಯ ಅಲಮಾರಿನಲ್ಲಿ ಯುದ್ಧಕ್ಕೆ ಮುಂಚಿನಿಂದ ಇದ್ದ ಚಿಕೋರಿ ಎಸೆನ್ಸಿನ ಬಾಟಲಿ ತೆಗೆದು, ಬಿಸಿನೀರಿಗೆ ಸುರಿದು ಮಾಡಿದ್ದದು. "ಅಮೆರಿಕದವರು ಕಾಫಿಯೇ ಕುಡಿಯೋದಂತೆ," ಎಂದವರು, ತಕ್ಷಣ ನಾಲಿಗೆ ಕಚ್ಚಿ, "ಯಾರಾದರೂ ಅಮೆರಿಕದವರು ಯಾವಾಗಲಾದರೂ ಈ ಕಡೆ ಬಂದರೆ ಅಂತ ಸುಮ್ಮನೆ ಗಾಡಿಯಲ್ಲಿ ಇಟ್ಟುಕೊಂಡಿರ್ತೀನಿ," ಎಂದರು.

ಹುಲ್ಲುಗಾವಲಿನ ಒಡತಿ ಮಿಸೆಸ್ ಕಾರ್ಮೋಡಿ, ವಿಧವೆ, ಕೈಕಟ್ಟಿಕೊಂಡು ನಿಂತಿದ್ದರು. ಅವರ ಮಗ ಲೆಸ್ ಸಹ ನೆವ್‌ನ ತುಕಡಿಯವನೇ, ಅವನದೂ ಸುದ್ದಿಯಿಲ್ಲ. "ನನ್ನ ಕುರಿಗಳು ನದಿ ದಾಟಿ ಹೋದವು, ಹೊರೇಸ್," ಎಂದಷ್ಟೇ ಹೇಳಿದರು.

ವಿಮಾನ ಚಕ್ರ ಇಳಿಸದೆ ಹೊಟ್ಟೆಯ ಮೇಲೆ ಮಲಗಿತ್ತು. ಅದರ ಪಕ್ಕೆಯ ಮೇಲೆ ಒಂದು ಬಾವುಟದ ಚಿತ್ರ: ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ನೀಲಿ. ಅಮೆರಿಕದ ವಿಮಾನಗಳಿಗಿರುವ ನಕ್ಷತ್ರ ಎಲ್ಲೂ ಇಲ್ಲ. ಜನ ಹೊರೇಸ್‌ನ ಮುಖ ನೋಡಿದರು.

"ಬಣ್ಣದ ಅಭಾವ," ಅಂದ ಹೊರೇಸ್. "ನಕ್ಷತ್ರ ಬರೆಯೋದು ನಿಲ್ಲಿಸಿದಾರೆ."

"ಇದು ಫ್ರಾನ್ಸಿನ ಬಾವುಟ ಅಲ್ಲವಾ?" ಮಿಸೆಸ್ ಬಾಸ್ಕಮ್ ಕೇಳಿದರು.

"ಫ್ರಾನ್ಸಿನ ಪಟ್ಟಿಗಳು ನಿಂತಿರ್ತವೆ, ಇವು ಮಲಗಿವೆ," ಅಂದರು ಲೆಫ್ಟಿನೆಂಟ್.

"ವಿಮಾನವೇ ಮಲಗಿದೆಯಲ್ಲ," ಅಂದರು ಹೆಂಡತಿ.

ಅಷ್ಟರಲ್ಲಿ ಪೈಲಟ್ ಕೆಳಗಿಳಿದ. ಹಣೆಯ ಮೇಲೆ ಸಣ್ಣ ಗಾಯ. ಇಪ್ಪತ್ತೆರಡರ ಪ್ರಾಯ, ಪುಟ್ಟ ಮೈಕಟ್ಟು, ಕಂದು ಮುಖ, ಕಪ್ಪು ಕೂದಲು. ಸಿನಿಮಾದ ಪರದೆಯ ಮೇಲೆ ಮಂಡರೂಲ್ ನೋಡಿದ ಅಮೆರಿಕನ್ನರಿಗೂ ಇವನಿಗೂ ಯಾವ ಹೋಲಿಕೆಯೂ ಇರಲಿಲ್ಲ. ಆದರೂ ಹೊರೇಸ್ ಮುಂದೆ ಬಂದು, ಆ ಪರದೆಯಿಂದಲೇ ಕಲಿತ ಮೂಗಿನ ಉಚ್ಚಾರಣೆಯಲ್ಲಿ ಸ್ವಾಗತ ಭಾಷಣ ಮಾಡಿದ. ಸ್ವಾತಂತ್ರ್ಯ, ಮಹಾಸಾಗರದ ಎರಡು ದಡ, ಭುಜಕ್ಕೆ ಭುಜ ಎಲ್ಲ ಬಂತು. ಪೈಲಟ್ ಅಟೆನ್ಷನ್‌ನಲ್ಲಿ ನಿಂತು ಕೊನೆಯತನಕ ಕೇಳಿದ. ಮಿಸೆಸ್ ಬಾಸ್ಕಮ್ ಕಾಫಿಯ ಲೋಟ ಚಾಚಿದರು. ಅವನು ಒಂದು ಗುಟುಕು ಕುಡಿದ. ಅವನ ಮುಖದ ಮೇಲೆ ಏನೋ ಹಾದುಹೋಯಿತು. ವಿಮಾನ ಬೀಳುವಾಗಲೂ ಅದು ಹಾದಿರಲಿಕ್ಕಿಲ್ಲ. ಪುಸ್ತಕ ಓದಿ ಕಲಿತವನ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು ಕೇಳಿದ:

"ತಮಗೆ ಅನಂತ ವಂದನೆಗಳು. ತೊಂದರೆಯಾಗದಿದ್ದಲ್ಲಿ, ಚಹಾ ದೊರೆಯಬಹುದೇ?"

ಬಾಸ್ಕಮ್‌ರ ಕೈ ನಿಧಾನವಾಗಿ ಪಿಸ್ತೂಲಿನ ಚೀಲದ ಮೇಲೆ ಹೋಯಿತು.

"ಚಹಾ?" ಅಂದರು. "ಅಮೆರಿಕದವನು ಚಹಾ ಕೇಳ್ತಾನೆ?"

"ಪಾಪ, ತಲೆಗೆ ಪೆಟ್ಟಾಗಿದೆ," ಅಂದ ಹೊರೇಸ್.

"ನೀನು ಸುಮ್ಮನಿರಯ್ಯ. ಇದನ್ನ ಪರೀಕ್ಷೆ ಮಾಡೋ ಕ್ರಮ ನನಗೆ ಗೊತ್ತು." ಬಾಸ್ಕಮ್ ಪೈಲಟ್‌ನ ಎದುರು ಬಂದರು. "ಹೇಳು. ಹೋದ ವರ್ಷ ಅಮೆರಿಕದ ಬೇಸ್‌ಬಾಲ್ ಪಂದ್ಯ ಗೆದ್ದಿದ್ದು ಯಾರು?"

"ನನಗೆ ತಿಳಿಯದು, ಸ್ವಾಮಿ."

"ನೋಡಿದಿರಾ?" ಬಾಸ್ಕಮ್ ಜನರ ಕಡೆ ತಿರುಗಿದರು.

"ಹಾಗಾದರೆ ಗೆದ್ದಿದ್ದು ಯಾರು?" ಮಿಸೆಸ್ ಕಾರ್ಮೋಡಿ ಕೇಳಿದರು.

ಬಾಸ್ಕಮ್ ದಳದವರ ಮುಖ ನೋಡಿದರು. ದಳದವರು ಪರಸ್ಪರ ಮುಖ ನೋಡಿಕೊಂಡರು. ನಾಯಿಯವನು ಮಾತ್ರ, "ಕ್ರಿಕೆಟ್ ಆಗಿದ್ದರೆ ಹೇಳಬಹುದಿತ್ತು," ಎಂದ.

"ಮಾನ್ಯರೇ," ಅಂದ ಪೈಲಟ್, "ನಾನು ಅಮೆರಿಕದವನಲ್ಲ. ಹಾಗೆಂದು ನಾನು ಹೇಳಿಯೂ ಇಲ್ಲ. ನನ್ನ ಹೆಸರು ಫ್ರಿಟ್ಸ್ ಟೆರ್ ಹಾರ್. ಡಚ್ ಈಸ್ಟ್ ಇಂಡೀಸಿನ ವಾಯುಪಡೆಯ ಸಾರ್ಜೆಂಟ್. ಅಮೆರಿಕದವರು ನಮಗೆ ವಿಮಾನ ಕೊಟ್ಟಿದ್ದಾರೆ, ನಿಮ್ಮ ದೇಶ ನಿಲ್ದಾಣ ಕೊಟ್ಟಿದೆ. ಹೊಗೆಯಲ್ಲಿ ದಾರಿ ತಪ್ಪಿ ಪೆಟ್ರೋಲ್ ಮುಗಿಯಿತು."

"ಡಚ್ಚರು ಬೆಳ್ಳಗಿರ್ತಾರೆ," ಅಂದರು ಬಾಸ್ಕಮ್.

"ನನ್ನ ಅಜ್ಜ ಬೆಳ್ಳಗಿದ್ದರು. ಅಜ್ಜಿ ಜಾವಾದವರು. ನಾನು ಹಾಲೆಂಡನ್ನು ಕಂಡವನೇ ಅಲ್ಲ. ನನ್ನ ಊರು ಬಾಂಡುಂಗ್."

ಹೊರೇಸ್‌ನ ಕೈಯಿಂದ ದುರ್ಬೀನು ಜಾರಿ ಹುಲ್ಲಿನ ಮೇಲೆ ಬಿತ್ತು. ಮಿಸೆಸ್ ಕಾರ್ಮೋಡಿಯವರ ಕಟ್ಟಿದ ಕೈ ಬಿಚ್ಚಿಕೊಂಡಿತು. ಮಂಡರೂಲಿನಲ್ಲಿ ಆ ಊರಿನ ಹೆಸರನ್ನು ಆ ಎರಡು ಮನೆಯವರ ಮುಂದೆ ಯಾರೂ ಎತ್ತುತ್ತಿರಲಿಲ್ಲ.

ಬಾಸ್ಕಮ್‌ರಿಗೆ ಮಾತ್ರ ಬೇರೆ ದಾರಿ ಹೊಳೆದಿತ್ತು. "ಜಾವಾ ಈಗ ಯಾರ ಕೈಲಿದೆ? ಜಪಾನೀಯರ ಕೈಲಿ. ಅಂದಮೇಲೆ ಅಲ್ಲಿಯವನು ಯಾರ ಪ್ರಜೆ?" ಅವರು ಹರಾಜಿನಲ್ಲಿ ಟಗರಿನ ಗುಣ ಹೇಳುವವರಂತೆ ಬೆರಳು ಮಡಿಚಿದರು. "ಜರ್ಮನ್ ಹೆಸರು, ಜಪಾನಿ ಪ್ರಜೆ, ಫ್ರೆಂಚ್ ಬಾವುಟ, ಅಮೆರಿಕದ ವಿಮಾನ. ಇಡೀ ಮಹಾಯುದ್ಧವೇ ಒಬ್ಬ ಮನುಷ್ಯನೊಳಗೆ ಕೂತು ನಮ್ಮೂರಿಗೆ ಇಳಿದಿದೆ. ಹಿಡೀರಿ ಇವನನ್ನ."

ಕೈದಿಯನ್ನು ಸಭಾಭವನಕ್ಕೆ ಕರೆತಂದರು. ಪಿಯಾನೋದ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಎರಡೂ ಬದಿಗೆ ಬಂದೂಕು ನಿಲ್ಲಿಸಿದರು. ಮಿಸೆಸ್ ಬಾಸ್ಕಮ್ ಗಂಡನ ಕಣ್ಣು ತಪ್ಪಿಸಿ ತಮ್ಮ ವಾರದ ರೇಷನ್ನಿನ ಎಲೆಯಲ್ಲಿ ಅವನಿಗೊಂದು ಲೋಟ ಚಹಾ ಮಾಡಿಕೊಟ್ಟರು. "ಶತ್ರುವೇ ಇರಬಹುದು," ಎಂದು ಅವರು ಆಮೇಲೆ ಸಮರ್ಥಿಸಿಕೊಂಡರು, "ಆದರೆ ನನ್ನ ಕಾಫಿ ಕುಡಿದಾಗ ಅವನ ಮುಖ ನೀವು ನೋಡಲಿಲ್ಲ."

ಸಂಜೆಗೆ ಸಿಡ್ನಿಯಿಂದ ಕರೆ ಬಂತು. ಅಧಿಕಾರಿಯ ದನಿ ಗಟ್ಟಿಯಾಗಿತ್ತೆಂದು ತೋರುತ್ತದೆ, ತಂತಿಯ ಈ ತುದಿಗೆ ಬರುವಷ್ಟರಲ್ಲಿ ಸೊಳ್ಳೆಯ ದನಿಯಾಗಿತ್ತು. ಅಮೆರಿಕದವರನ್ನು ವಿಚಾರಿಸಿದೆವು, ಅವರ ಯಾವ ಕಿಟ್ಟಿಹಾಕೂ ತಪ್ಪಿಸಿಕೊಂಡಿಲ್ಲ. ಆ ಪೈಲಟ್ ಯಾರು?

ಹೊರೇಸ್ ಉತ್ತರ ಕೊಡುವ ಮುಂಚೆ ಬಾಸ್ಕಮ್ ಗುಡಿಸಲ ಬಾಗಿಲಲ್ಲಿ ನಿಂತಿದ್ದರು. "ಕೇಳಿದೆಯಾ? ಅಮೆರಿಕದವರೇ ನಮ್ಮವನಲ್ಲ ಅಂದಮೇಲೆ ಇನ್ನೇನಯ್ಯ? ವಿಮಾನ ಕದ್ದು ತಂದಿರೋ ಗೂಢಚಾರ. ಕತ್ತಲಾಗೋಕೆ ಮುಂಚೆ ರೈಲಿಗೆ ಹತ್ತಿಸಿ ಮಿಲಿಟರಿ ಜೈಲಿಗೆ ಕಳಿಸ್ತೀನಿ."

"ಡಚ್ಚರನ್ನ ಒಂದು ಮಾತು ಕೇಳಬಹುದಲ್ಲ," ಅಂದ ಹೊರೇಸ್.

"ಯಾಕೆ ಕೇಳಬೇಕು? ಅಧಿಕೃತ ವರದಿಯಲ್ಲಿ ಅಮೆರಿಕನ್ ಅಂತಿದೆ. ಬರೆಸಿದವನು ನೀನು. ಬದಲಾಯಿಸೋ ಅಧಿಕಾರ ಪೋಸ್ಟಿನ ಮುಖ್ಯಸ್ಥನಿಗೆ ಮಾತ್ರ. ಬದಲಾಯಿಸ್ತೀಯಾ?" ಬಾಸ್ಕಮ್‌ರ ದನಿ ಸ್ವಲ್ಪ ಮೆತ್ತಗಾಯಿತು. "ಬದಲಾಯಿಸಿದರೆ ಈ ಗುಡಿಸಲಿಗೆ ಬೀಗ. ಗೊತ್ತು ತಾನೆ? ಪೆಲಿಕನ್ ಕಥೆ ಅವರು ಇನ್ನೂ ಮರೆತಿಲ್ಲ."

ಹೊರೇಸ್ ಗೋಡೆಯ ಪಟ ನೋಡಿದ. ಅದರ ಮೇಲಿದ್ದ ಕಪ್ಪು ನೆರಳುಗಳಲ್ಲಿ ಯಾವುದಕ್ಕೂ ಮುಖವಿರಲಿಲ್ಲ. ವಿಮಾನ ಗುರುತಿಸುವುದನ್ನು ಅದು ಕಲಿಸುತ್ತಿತ್ತು; ಒಳಗೆ ಕೂತವನ ತಾಯಿ ಯಾವ ಊರಲ್ಲಿದ್ದಾಳೆ ಎಂಬುದು ಅದರಲ್ಲಿರಲಿಲ್ಲ.

"ಸರ್," ಅಂದ ಫೋನಿಗೆ. ಎರಡು ವರ್ಷ ಅಭ್ಯಾಸ ಮಾಡಿದ ದನಿ ಆ ಹೊತ್ತಿಗೆ ಸಿಗಲಿಲ್ಲ. ಅಂಗಡಿಯ ದನಿಯೇ ಬಂತು. "ನಾನು ಹೇಳಿದ್ದು ತಪ್ಪು. ವಿಮಾನ ಅಮೆರಿಕದ್ದು, ಹುಡುಗ ಅಮೆರಿಕದವನಲ್ಲ. ಡಚ್ಚರ ಕಡೆಯವನು. ಟೆರ್ ಹಾರ್ ಅಂತ. ಅವರನ್ನ ಕೇಳಿ. ಅಮೆರಿಕದವನು ಅಂತ ಅವನು ಹೇಳೇ ಇಲ್ಲ, ನಾನೂ ಕೇಳಲಿಲ್ಲ, ಭಾಷಣ ಮಾಡ್ತಿದ್ದೆ."

ಅರ್ಧ ಗಂಟೆಯೊಳಗೆ ಉತ್ತರ ಬಂತು. ಸಾರ್ಜೆಂಟ್ ಟೆರ್ ಹಾರ್ ಡಚ್ಚರ ಕಡೆಯವನೇ, ಮಧ್ಯಾಹ್ನದಿಂದ ಹುಡುಕುತ್ತಿದ್ದಾರೆ, ಟ್ರಕ್ ಹೊರಟಿದೆ. ಅಧಿಕಾರಿ ಕೊನೆಗೆ ಒಂದು ಮಾತು ಸೇರಿಸಿದರು: "ಪೋಸ್ಟ್ ವಿಷಯ ಮುಂದಿನ ವಾರ ಮಾತಾಡೋಣ, ಮಿಸ್ಟರ್ ಪಿಂಚಿನ್." ಮಿಸ್ಟರ್ ಎಂದು ಅವರು ಕರೆದದ್ದು ಅದೇ ಮೊದಲು. ಪೋಸ್ಟಿಗೆ ಬೀಗ ಬಿತ್ತೆಂದು ಹೊರೇಸ್‌ಗೆ ಅರ್ಥವಾಯಿತು.

ಬಾಸ್ಕಮ್ ದಳವನ್ನು ವಿಸರ್ಜಿಸಿ, ಮನೆಯಲ್ಲಿ ಕೆಲಸವಿದೆ ಎಂದು ಗಾಡಿ ಹತ್ತಿದರು. ಮಿಸೆಸ್ ಕಾರ್ಮೋಡಿ ಮೊದಲೇ ಕುರಿ ಹುಡುಕಲು ಹೋಗಿದ್ದರು. ಸಭಾಭವನದಲ್ಲಿ ಹೊರೇಸ್ ಮತ್ತು ಪೈಲಟ್ ಇಬ್ಬರೇ ಉಳಿದರು.

"ಒಂದು ಉಪಕಾರ ಆಗಬೇಕಿತ್ತಪ್ಪ," ಅಂದ ಹೊರೇಸ್. "ನನ್ನ ಹೆಂಡತಿ ಫೋನು ಬಿಟ್ಟು ಬರೋದಿಲ್ಲ. ನೀನು ಫೋನಿಗೇ ಬರ್ತೀಯಾ? ನಮ್ಮ ಹುಡುಗ ನಿಮ್ಮೂರ ಹತ್ತಿರ..." ಮುಂದಿನ ಮಾತು ಬರಲಿಲ್ಲ. ಸಾವಿರಾರು ಗಡ್ಡಗಳ ಮೇಲೆ ಯುದ್ಧದ ಎಲ್ಲ ರಂಗಗಳನ್ನೂ ವಿವರಿಸಿದ್ದ ಮನುಷ್ಯ ಅವನು.

ಪೈಲಟ್ ಎದ್ದು ನಿಂತ. "ಫೋನು ಎಲ್ಲಿದೆ?" ಅಂದ.

ದಿಬ್ಬದ ಮೇಲಿಂದ ಒಂದು ಉದ್ದ, ಎರಡು ಗಿಡ್ಡ ಗಂಟೆ ಊರ ತುಂಬ ಬಾರಿಸಿತು. ಆಲ್ಮಾ ಮೊದಲ ಗಂಟೆಗೇ ಎತ್ತಿದಳು.

"ಆಲ್ಮಾ, ಇಲ್ಲೊಬ್ಬ ಹುಡುಗ ಇದಾನೆ. ಬಾಂಡುಂಗ್ ಊರವನು. ಅಲ್ಲೇ ಹುಟ್ಟಿ ಬೆಳೆದವನು. ಏನಾದರೂ ಕೇಳೋದಿದ್ದರೆ ಕೇಳು."

ಆಮೇಲೆ ಆಲ್ಮಾ ಏನೋ ಕೇಳಿದಳು. ಇಬ್ಬರೂ ರಿಸೀವರಿಗೆ ಕಿವಿ ಹಚ್ಚಿದರೂ ಗಾಳಿ ಮಾತ್ರ ಕೇಳಿಸಿತು. ಪೈಲಟ್ ಗಟ್ಟಿಯಾಗಿ ಉತ್ತರ ಹೇಳಿದ. "ಏನು?" ಎಂಬುದು ಎಲ್ಲಿಂದಲೋ ಬಂತು. "ಕೇಳಿಸ್ತಿಲ್ಲ ಹೊರೇಸ್. ಒಂದಕ್ಷರ ಕೇಳಿಸ್ತಿಲ್ಲ." ತಂತಿ ಆ ಮಟ್ಟಕ್ಕೆ ಸೊರಗಿದ್ದು ಯಾವ ಆಪರೇಷನ್ನಿಗೂ ಅಲ್ಲ, ಯಾವ ಮದುವೆ ಮುರಿದಾಗಲೂ ಅಲ್ಲ. ಮಂಡರೂಲಿನ ರಿಸೀವರುಗಳಲ್ಲಿ ಒಂದೂ ತನ್ನ ಕೊಕ್ಕೆಯಲ್ಲಿರಲಿಲ್ಲ.

ಕೆಳಗೆ ರಸ್ತೆಯಲ್ಲಿ ಟ್ರಕ್ಕಿನ ದೀಪ ತಿರುಗಿತು. ಹಾರ್ನು ಕೇಳಿಸಿತು.

ಹೊರೇಸ್ ಪೈಲಟ್‌ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿ ಫೋನಿನ ಬಾಯಿಗೆ ಬಾಯಿ ಇಟ್ಟ.

"ನಾನು ಹೊರೇಸ್," ಅಂದ. "ಯಾರ್ಯಾರು ಕೇಳ್ತಿದೀರಿ ಅಂತ ನಾನು ಕೇಳೋದಿಲ್ಲ. ಆಲ್ಮಾಗೆ ಕೇಳಿಸ್ತಿಲ್ಲ. ಅಷ್ಟೆ."

ಈಗ ಪರಿಸ್ಥಿತಿಯ ಗಾಂಭೀರ್ಯವನ್ನು ಓದುಗರು ಗಮನಿಸಬೇಕು. ರಿಸೀವರ್ ಕೆಳಗಿಟ್ಟರೆ ಕ್ಲಿಕ್ ಎಂದು ಸದ್ದಾಗುತ್ತದೆ. ಕ್ಲಿಕ್ ಎಂದರೆ ತಪ್ಪೊಪ್ಪಿಗೆ. ಆ ತಂತಿ ಎಳೆದಂದಿನಿಂದ ಊರು ಕಾಪಾಡಿಕೊಂಡು ಬಂದಿದ್ದ ಮಾನ ಒಂದು ಸದ್ದಿನಲ್ಲಿ ಹೋಗುವಂಥದ್ದು.

"ಲೈನಿನಲ್ಲಿ ಬೇರೆ ಯಾರೂ ಇಲ್ಲ, ಮಿಸ್ಟರ್ ಪಿಂಚಿನ್," ಎಂದಳು ಎಕ್ಸ್‌ಚೇಂಜಿನ ಮಿಸ್ ಡೂಲನ್, ಊರ ಪರವಾಗಿ. ಆಮೇಲೆ ಅವಳೇ ಮೊದಲು ಕ್ಲಿಕ್ ಎಂದಳು.

ಸ್ವಲ್ಪ ತಡೆದು ಇನ್ನೊಂದು. ಮತ್ತೊಂದು. ಪಾದ್ರಿಗಳ ಮನೆಯ ಫೋನಿನ ಕೊಕ್ಕೆ ತುಕ್ಕು ಹಿಡಿದು ಕಿರ್ ಎನ್ನುತ್ತಿತ್ತು. ಅದೂ ಕಿರ್ ಎಂದಿತು. ಒಂದೊಂದು ಸದ್ದಿಗೂ ತಂತಿಯೊಳಗಿನ ಗಾಳಿ ಇಳಿಯಿತು. ಕೊನೆಗೆ ಆಲ್ಮಾ ಉಸಿರಾಡುವುದು ಪಕ್ಕದಲ್ಲಿ ನಿಂತಷ್ಟು ಸ್ಪಷ್ಟವಾಗಿ ಕೇಳಿಸಿತು. ಅದರ ಜೊತೆಗೆ ಇನ್ನೊಂದು ಉಸಿರೂ.

"ಮಿಸೆಸ್ ಕಾರ್ಮೋಡಿ," ಅಂದ ಹೊರೇಸ್, "ನೀವು ಇರಿ."

"ನಾನು ಈಗಷ್ಟೇ ಎತ್ತಿದೆ, ಹೊರೇಸ್."

"ಗೊತ್ತು. ಇರಿ."

ಪೈಲಟ್ ಮುಂದೆ ಬಂದ. ಆಲ್ಮಾ ಎರಡು ವರ್ಷ ಜೋಡಿಸಿಟ್ಟ ಪ್ರಶ್ನೆಗಳಲ್ಲಿ ಯಾವುದನ್ನೂ ಕೇಳಲಿಲ್ಲ.

"ಅಲ್ಲಿ ರಾತ್ರಿ ಚಳಿ ಇರುತ್ತಾ, ಮಗು?"

"ಬೆಟ್ಟದ ಊರಲ್ಲವೇ ತಾಯಿ, ಇರುತ್ತದೆ. ನನ್ನ ತಾಯಿ ಎರಡು ಕಂಬಳಿ ಹೊದಿಸುತ್ತಿದ್ದರು."

"ನೆವ್‌ಗೆ ಚಳಿ ಆಗೋದಿಲ್ಲ. ಎದೆ ಮಾತ್ರ ಸ್ವಲ್ಪ ದುರ್ಬಲ." ಆಮೇಲೆ, "ನಿಮ್ಮ ತಾಯಿ ಈಗ ಎಲ್ಲಿದಾರೆ?" ಅಂದಳು.

"ಅಲ್ಲಿಯೇ. ಇಬ್ಬರು ತಂಗಿಯರೂ."

"ಸುದ್ದಿ ಬರುತ್ತಾ?"

"ಇಲ್ಲ."

"ಹಾಗಾದರೆ ನಿನಗೂ ಇಲ್ಲ," ಅಂದಳು ಆಲ್ಮಾ. ಅವಳ ದನಿಯಲ್ಲಿದ್ದದ್ದು ನಿರಾಸೆಯಲ್ಲ. ಎರಡು ವರ್ಷದಿಂದ ಒಬ್ಬಳೇ ಕೂತಿದ್ದ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟವಳ ದನಿ ಅದು.

ಆಗ ಮಿಸೆಸ್ ಕಾರ್ಮೋಡಿ ಬಾಯಿ ಬಿಟ್ಟರು. "ನಿಮ್ಮ ತಾಯಿ ಯಾವ ಥರದವರು? ಈಗ ಅವರ ಮನೆ ಮುಂದೆ ಸೆರೆಸಿಕ್ಕ ಸಿಪಾಯಿ ಹುಡುಗರನ್ನ ನಡೆಸಿಕೊಂಡು ಹೋದರೆ... ನೋಡಿಕೊಂಡು ಸುಮ್ಮನಿರ್ತಾರಾ?"

ಪೈಲಟ್ ಯೋಚಿಸಿದ. "ಮೊದಲು ಬೈಯುತ್ತಾರೆ," ಅಂದ. "ಮನೆ ಬಿಟ್ಟು ಇಷ್ಟು ದೂರ ಯಾಕೆ ಬಂದಿರಿ ಎಂದು. ಆಮೇಲೆ ಏನಾದರೂ ತಿನ್ನಲು ಕೊಡುತ್ತಾರೆ. ಕೊಡಬಾರದು ಎಂದರೂ ಕೊಡುತ್ತಾರೆ. ಅವರು ಯಾರ ಮಾತೂ ಕೇಳುವವರಲ್ಲ."

"ಒಳ್ಳೆಯದು," ಅಂದರು ಮಿಸೆಸ್ ಕಾರ್ಮೋಡಿ. "ಲೆಸ್‌ಗೆ ಬೈಸಿಕೊಂಡು ಅಭ್ಯಾಸ ಇದೆ."

ಟ್ರಕ್ಕಿನವನು ಮತ್ತೆ ಹಾರ್ನು ಬಾರಿಸಿದ.

ಮಾರನೆಯ ಬೆಳಿಗ್ಗೆ ಲೆಫ್ಟಿನೆಂಟ್ ಬಾಸ್ಕಮ್ ಕ್ಷೌರಕ್ಕೆ ಬಂದರು. ಹಿಂದಿನ ದಿನದ ವಿಷಯ ಎತ್ತಬಾರದೆಂದು ಮುಖದಲ್ಲೇ ಬರೆದುಕೊಂಡು ಬಂದಿದ್ದರು. ಹೊರೇಸ್ ನೊರೆ ಹಚ್ಚಿದ. ಕತ್ತಿ ಎಳೆದ. ವಿಮಾನಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟು ಮೌನ ಆ ಅಂಗಡಿಗೆ ಹೊಸದು, ಬಾಸ್ಕಮ್‌ರಿಗೆ ತಡೆಯಲಾಗಲಿಲ್ಲ.

"ಎರಡು ಕಂಬಳಿ ಅಂದರೆ," ಅಂದರು ಚಾವಣಿ ನೋಡುತ್ತ, "ಚಳಿ ಜೋರೇ ಇರಬೇಕು."

ಕತ್ತಿ ಗಂಟಲಿನ ಮೇಲೆ ನಿಂತಿತು.

"ಕಂಬಳಿ ಮಾತು ಬಂದಿದ್ದು ಎಲ್ಲರೂ ಫೋನ್ ಇಟ್ಟಮೇಲೆ, ಲೆಫ್ಟಿನೆಂಟ್."

ಬಾಸ್ಕಮ್ ನುಂಗಿದರು. ಕತ್ತಿಯ ಕೆಳಗೆ ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂತು. "ಕೊಕ್ಕೆಯನ್ನ ಕೈಯಲ್ಲಿ ಒತ್ತಿ ಬಿಟ್ಟರೂ ಕ್ಲಿಕ್ ಅನ್ನುತ್ತೆ," ಅಂದರು ಕೊನೆಗೆ. ಮಂಡರೂಲಿನ ಇತಿಹಾಸದಲ್ಲಿ ಬಾಯಿಂದ ಬಂದ ಮೊದಲ ತಪ್ಪೊಪ್ಪಿಗೆ ಅದು.

ಹೊರೇಸ್ ಕತ್ತಿಯನ್ನು ಮತ್ತೆ ಓಡಿಸಿದ, ಎಂದಿಗಿಂತ ಹಗುರಾಗಿ. ಆಗಲೇ ಕಿಟಕಿಯಾಚೆ ಏನೋ ಕಂಡು ಅವನ ಕೈ ಎರಡನೇ ಬಾರಿ ನಿಂತಿತು. ಬಾಸ್ಕಮ್ ನೊರೆಯ ಮುಖವನ್ನೇ ತಿರುಗಿಸಿ ನೋಡಿದರು.

ರಸ್ತೆಯ ಆಚೆ ಬದಿಯಲ್ಲಿ ಆಲ್ಮಾ ನಡೆದು ಬರುತ್ತಿದ್ದಳು. ತಲೆಗೆ ಟೋಪಿ, ತೋಳಿನಲ್ಲಿ ಬೂದು ಉಣ್ಣೆಯ ಉಂಡೆಗಳ ಬುಟ್ಟಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಂಗಡಿಗಳ ಹಲಗೆಗಳನ್ನು ಹೊಸಬಳಂತೆ ಓದುತ್ತ ಬರುತ್ತಿದ್ದಳು.

ಹೊರೇಸ್ ಕೈಯಲ್ಲಿ ಕತ್ತಿ ಹಿಡಿದೇ ಬಾಗಿಲಿಗೆ ಬಂದ. "ಎಲ್ಲಿಗೆ?"

"ಮಿಸೆಸ್ ಕಾರ್ಮೋಡಿ ಮನೆಗೆ. ಕಂಬಳಿ ಹೆಣೆಯೋಣ ಅಂತ ಮಾತಾಯ್ತು."

"ಮತ್ತೆ ಫೋನು? ಫೋನ್ ಬಂದರೆ?"

ಆಲ್ಮಾ ಬುಟ್ಟಿಯನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು ರಸ್ತೆಯುದ್ದಕ್ಕೂ ಒಮ್ಮೆ ನೋಡಿದಳು.

"ಬಂದರೆ ಎಲ್ಲರೂ ಎತ್ತುತ್ತಾರಲ್ಲ," ಅಂದಳು. "ಯಾರಾದರೂ ಓಡಿಬಂದು ಹೇಳ್ತಾರೆ."